ಬೀಗಕ್ಕಿಂತ ಮೊದಲು ಬಂದ ಕೀಲಿಕೈ

"ಅಕ್ಟೋಬರ್ ಹನ್ನೊಂದು, ಭಾನುವಾರ." ಹೊಸ್ತಿಲಮ್ಮನ ಹಳೆಯ ದಿನಚರಿಯಲ್ಲಿ ಆ ಪುಟ ಹೀಗೆ ಶುರುವಾಗುತ್ತದೆ. ಪುಟದ ಮೂಲೆಯನ್ನು ಹುಳು ತಿಂದಿರುವುದರಿಂದ ವರ್ಷ ಯಾವುದೆಂದು ಓದಲು ಬರುವುದಿಲ್ಲ. ಉಳಿದದ್ದೆಲ್ಲ ದುಂಡಗಿನ ಅಕ್ಷರದಲ್ಲಿ ಸ್ಪಷ್ಟವಾಗಿದೆ. "ಬೆಳಿಗ್ಗೆ ಮೋಡ. ಆರಾಧನೆಗೆ ಜನ ಚೆನ್ನಾಗಿ ಕೂಡಿದ್ದರು. ಕೆಳಹೊಳೆಯ ಚರ್ಚು ಸುಟ್ಟುಹೋದ ಸುದ್ದಿ ಬಂತು. ಮೈದುನನ ಅಂಗೈಯಲ್ಲಿ ಕೀಲಿಕೈ ಮೂಡಿದೆ. ಊರಲ್ಲಿ ಎಲ್ಲೂ ಬೀಗವಿಲ್ಲ."

ಕೊನೆಯ ಎರಡು ಮಾತು ಅರ್ಥವಾಗಬೇಕಾದರೆ ಆ ಊರಿನ ನಿಯಮ ಗೊತ್ತಿರಬೇಕು.

ಆ ಊರಲ್ಲಿ, ಹೊಳೆಯ ಸುತ್ತಿನ ಊರುಗಳಲ್ಲೂ, ಯಾರೂ ಬರಿಗೈಯಲ್ಲಿ ನಡೆಯುವುದಿಲ್ಲ. ಮನಸ್ಸಿನಲ್ಲಿ ಏನಿದೆಯೋ ಅದು ಅಂಗೈಯಲ್ಲಿ ಬಂದು ಕೂರುತ್ತದೆ. ದುಃಖದವರ ಕೈಯಲ್ಲಿ ಕಲ್ಲು. ಹೊಟ್ಟೆಕಿಚ್ಚಿನವರ ಕೈಯಲ್ಲಿ ಜಾಲಿಮುಳ್ಳು. ಹೊಸದಾಗಿ ಮದುವೆಯಾದವರ ಕೈಯಲ್ಲಿ ಗುಬ್ಬಿ. ಅದು ಹಾರಿಹೋಗಬಾರದು, ನಲುಗಲೂಬಾರದು ಎಂದು ಅವರು ಮುಷ್ಟಿಯನ್ನು ಸಡಿಲವಾಗಿ ಮುಚ್ಚಿಕೊಂಡು ನಡೆಯುತ್ತಾರೆ. ಸಿಟ್ಟಿನವರ ಕೈಯಲ್ಲಿ ಕೆಂಡ. ಕೆಂಡ ಹೊತ್ತವನನ್ನು ಅದು ಸುಡುವುದಿಲ್ಲ. ಅವನು ಮುಟ್ಟಿದ್ದನ್ನು ಸುಡುತ್ತದೆ, ಬಿಟ್ಟ ಜಾಗವನ್ನು ಸುಡುತ್ತದೆ.

ಊರ ನಡುವಿನ ದಿಬ್ಬದ ಮೇಲೆ ಚರ್ಚಿತ್ತು. ಊರವರು ಅದನ್ನು ಮನೆ ಎಂದೇ ಕರೆಯುತ್ತಿದ್ದರು. ಅದಕ್ಕೆ ಹುಲ್ಲಿನ ಮಾಡು, ಮರದ ಗೋಡೆ, ನೆಲದ ತುಂಬ ಚಾಪೆ. ಬಾಗಿಲಿನ ಚೌಕಟ್ಟಿತ್ತು, ಬಾಗಿಲಿರಲಿಲ್ಲ. ಹೊಸ್ತಿಲಿನಾಚೆ ಕಲ್ಲಿನ ಜಗಲಿ. ಹೊಸ್ತಿಲ ಮೇಲೆ ಒಬ್ಬ ಹೆಂಗಸು. ಹಿಂದೆ ಅಲ್ಲಿ ಅವಳ ಅತ್ತೆ ನಿಲ್ಲುತ್ತಿದ್ದಳು, ಅದಕ್ಕೂ ಹಿಂದೆ ಅತ್ತೆಯ ಅತ್ತೆ. ನಿಂತವಳ ಹೆಸರು ಏನೇ ಇರಲಿ, ನಿಂತ ಮೇಲೆ ಅವಳು ಹೊಸ್ತಿಲಮ್ಮ.

ಬಂದವರಿಗೆಲ್ಲ ಅವಳದು ಒಂದೇ ಮಾತು. "ಬನ್ನಿ. ಕೈ ಕೊಡಿ. ಎರಡೂ."

ಎರಡೂ ಕೈ ಕೊಡಬೇಕಾದರೆ ಕೈಯಲ್ಲಿದ್ದದ್ದನ್ನು ಜಗಲಿಯ ಮೇಲೆ ಇಳಿಸಬೇಕು. ಬೇರೆ ದಾರಿಯಿಲ್ಲ. ಕಲ್ಲಿನವರು ಕಲ್ಲು ಇಳಿಸುತ್ತಿದ್ದರು, ಮುಳ್ಳಿನವರು ಮುಳ್ಳು. ಕೆಂಡದವರು ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಕೊನೆಗೆ ಅದನ್ನೂ ಇಳಿಸುತ್ತಿದ್ದರು. ಹೊಸ್ತಿಲಮ್ಮ ಅವರ ಎರಡೂ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದು, ಒಂದು ಉಸಿರಿನಷ್ಟು ಹೊತ್ತು ನಿಂತು, "ಒಳಗೆ ಜಾಗವಿದೆ" ಅನ್ನುತ್ತಿದ್ದಳು. ಅಷ್ಟೇ. ಊರಿಡೀ ಹೊತ್ತು ತಿರುಗುವ ಜನ ಆ ಮನೆಯೊಳಗೆ ಮಾತ್ರ ಬರಿಗೈಯಲ್ಲಿ ಕೂರುತ್ತಿದ್ದರು. ಹೋಗುವಾಗ ತಮ್ಮ ತಮ್ಮದನ್ನು ಎತ್ತಿಕೊಂಡು ಹೋಗುತ್ತಿದ್ದರು. ಕೆಲವರು ಮರೆತು ಹೋಗುತ್ತಿದ್ದರು. ಹಾಗೆ ಮರೆತ ಕಲ್ಲುಗಳಿಂದಲೇ ಜಗಲಿ ಅಷ್ಟು ಅಗಲವಾದದ್ದು.

ಹಿಡಿದ ಕೈ ಅವಳಿಗೆ ಎಲ್ಲ ಹೇಳುತ್ತಿತ್ತು. ಕೆಂಡ ಇಳಿಸಿದ ಮೇಲೂ ಅಂಗೈಯಲ್ಲಿ ಕಾವು ಉಳಿದಿರುತ್ತದೆ. ಅಂಥವರನ್ನು ಆಕೆ ತಾನೇ ಒಳಗೆ ಕರೆದೊಯ್ದು ಯಾವುದಾದರೂ ಅಜ್ಜಿಯ ಪಕ್ಕ ಕೂರಿಸುತ್ತಿದ್ದಳು. ಸಂಜೆ ಅವರ ಮನೆಗೆ ಊಟದ ಡಬ್ಬಿ ಹಿಡಿದು ಹೋಗುತ್ತಿದ್ದಳು. ಸ್ವಾಗತವೂ ಅದೇ ಆಗಿತ್ತು, ಕಾವಲೂ ಅದೇ ಆಗಿತ್ತು. ಎರಡಕ್ಕೂ ಬೇರೆ ಬೇರೆ ಜನ ಬೇಕೆಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

ಈ ಹೊಸ್ತಿಲಮ್ಮ ಆ ಊರಿನಿಂದ ಕಾಲೇಜಿಗೆ ಹೋದ ಮೊದಲ ಹೆಂಗಸು. ಬಿ.ಎ. ಮುಗಿಸಿ ಬಂದು ಹೊಸ್ತಿಲ ಮೇಲೆ ನಿಂತಳು. ಬೆನ್ನು ಬಾಗಿಸದೆ ನಿಲ್ಲುತ್ತಿದ್ದಳು, ದಿನವೂ ದಿನಚರಿ ಬರೆಯುತ್ತಿದ್ದಳು, ತಾರೀಖು ಎಂದೂ ತಪ್ಪಿಸಿದವಳಲ್ಲ. ಹೊಸ್ತಿಲಲ್ಲಿ ನಿಲ್ಲುವವರ ಕೈ ಖಾಲಿ ಇರಬೇಕು ತಾನೇ? ಅದಕ್ಕೆ ಎಲ್ಲರಿಗಿಂತ ಮೊದಲು ಬಂದು ತನ್ನದನ್ನು ಜಗಲಿಯ ತುದಿಯಲ್ಲಿ ಸೆರಗಿನ ಮರೆಯಲ್ಲಿ ಇಳಿಸುತ್ತಿದ್ದಳು. ಅವಳದು ಒಂದು ಕೈಗನ್ನಡಿ, ಹೆಮ್ಮೆಯವರ ಕೈಗೆ ಬರುವಂಥದ್ದು. ಅದು ಊರಿಗೆಲ್ಲ ಗೊತ್ತಿತ್ತು. ತನಗೊಬ್ಬಳಿಗೇ ಗೊತ್ತೆಂದು ಆಕೆ ತಿಳಿದಿದ್ದಳು.

ಕೀಲಿಕೈ ಮೂಡಿದ್ದು ಅವಳ ಮೈದುನನ ಕೈಯಲ್ಲಿ. ವಯಸ್ಸಿನಲ್ಲಿ ಅವಳಿಗಿಂತ ಕಿರಿಯ, ಸಭೆಯಲ್ಲಿ ಹಿರಿಯ. ಒಳ್ಳೆಯವನು. ಅಣ್ಣ ತೀರಿಕೊಂಡಾಗ ಅತ್ತಿಗೆಯ ಮಕ್ಕಳನ್ನು ಹೆಗಲ ಮೇಲೆ ಹೊತ್ತವನು. ಅಲ್ಲಿಯವರೆಗೆ ಅವನ ಕೈಯಲ್ಲಿ ಇರುತ್ತಿದ್ದದ್ದು ಒಂದು ನೆಲ್ಲಿಕಾಯಿ ಅಷ್ಟೇ. ಕೆಳಹೊಳೆಯ ಚರ್ಚು ಯಾರದೋ ಕೈಯ ಕೆಂಡದಿಂದ ಸುಟ್ಟಿತು ಎಂಬ ಸುದ್ದಿ ಕೇಳಿದ ಗಳಿಗೆಯಲ್ಲಿ ನೆಲ್ಲಿಕಾಯಿ ಹೋಗಿ ಕೀಲಿಕೈ ಬಂತು. ಕಬ್ಬಿಣದ್ದು, ಉದ್ದನೆಯದು, ಹಲ್ಲು ಹಲ್ಲಾಗಿತ್ತು. ಭಯ ಹಾಗೆ ಬಂದದ್ದನ್ನು ಊರು ಅದುವರೆಗೆ ನೋಡಿರಲಿಲ್ಲ.

ಮರುದಿನ ಹಿರಿಯರು ಕೂಡಿದರು. ಸಭಾಪಾಲಕರಾದ ಅಯ್ಯನವರೂ ಇದ್ದರು.

"ಅತ್ತಿಗೆ, ಇದಕ್ಕೊಂದು ಬೀಗ ಮಾಡಿಸಬೇಕು" ಎಂದ ಮೈದುನ.

"ಕೀಲಿಕೈ ಇದೆ ಅಂತ ಬೀಗ ಮಾಡಿಸ್ತೀಯಾ? ನಾಳೆ ನಿನ್ನ ಕೈಗೆ ಲಗಾಮು ಬಂದರೆ ಕುದುರೆ ಕಟ್ಟಿಸ್ತೀಯಾ?"

ಜನ ನಕ್ಕರು. ಅವನೂ ನಕ್ಕ. ಆದರೆ ಕೀಲಿಕೈ ಹಿಡಿದ ಮುಷ್ಟಿ ಸಡಿಲವಾಗಲಿಲ್ಲ.

"ನಿಮಗೆ ಬಿ.ಎ. ಆಗಿದೆ, ಮಾತಲ್ಲಿ ನಾನು ಗೆಲ್ಲಲ್ಲ. ಕೆಳಹೊಳೆಯಲ್ಲಿ ಬೂದಿ ಬಿಟ್ಟು ಏನೂ ಉಳಿದಿಲ್ಲ ಅತ್ತಿಗೆ. ಹುಲ್ಲಿನ ಮಾಡು. ನಮ್ಮದೂ ಹುಲ್ಲಿನ ಮಾಡೇ."

"ಅವನು ಹೇಳೋದರಲ್ಲೂ ತಪ್ಪಿಲ್ಲಮ್ಮ" ಎಂದರು ಅಯ್ಯನವರು. ಅವರು ಮೃದು ಸ್ವಭಾವದವರು, ಯಾರ ಮಾತನ್ನೂ ತೆಗೆದುಹಾಕಿದವರಲ್ಲ. "ಮಕ್ಕಳು ಮರಿ ಕೂರೋ ಜಾಗ."

"ಮಕ್ಕಳು ಮರಿ ಕೂರೋ ಜಾಗ ಅಂತಲೇ ನಾನು ಹೊಸ್ತಿಲಲ್ಲಿ ನಿಂತಿರೋದು ಅಯ್ಯನವರೇ. ಇಲ್ಲದಿದ್ದರೆ ನಾನೂ ಒಳಗೆ ಕೂತು ಬೀಸಣಿಗೆ ಬೀಸಿಕೊಳ್ತಿರಲಿಲ್ವೇ?"

ಆದರೂ ಕೀಲಿಕೈಗೆ ತಕ್ಕಂತೆ ಬೀಗವಾಯಿತು. ಬೀಗಕ್ಕೆ ತಕ್ಕಂತೆ ಬಾಗಿಲಾಯಿತು, ದಪ್ಪ ತೇಗದ ಮರದ್ದು. ಬಾಗಿಲಿನಲ್ಲಿ ಮುಖದಷ್ಟಗಲದ ಒಂದು ಕಿಂಡಿ. ಹೊರಗಿನವರು ಬಂದರೆ ಹೊಸ್ತಿಲಮ್ಮ ಕಿಂಡಿಯಿಂದ ನೋಡಬೇಕು, ಮೈದುನ ಒಪ್ಪಿದರೆ ಬೀಗ ತೆಗೆಯಬೇಕು. ಊರವರಿಗಾಗಿ ಗಂಟೆಯ ಹಗ್ಗದ ಪಕ್ಕದ ಗೋಡೆ ಒಡೆದು ಒಂದು ಪಕ್ಕದ ಬಾಗಿಲು ಮಾಡಿದರು. ಅಲ್ಲಿ ಜಗಲಿಯಿಲ್ಲ. ಅಲ್ಲಿ ಯಾರೂ ಕೈ ಹಿಡಿಯುವುದಿಲ್ಲ.

"ನಮ್ಮವರ ಕೈಯನ್ನೂ ವಾರ ವಾರ ಹಿಡಿದು ನೋಡೋದು ಅಂದರೆ ಅವಮಾನ ಅಲ್ವೇ ಅತ್ತಿಗೆ?" ಎಂದ ಮೈದುನ. "ಗೊತ್ತಿರೋ ಮುಖ, ಗೊತ್ತಿರೋ ಕೈ."

"ಗೊತ್ತಿರೋದು ಮುಖ" ಎಂದಳು ಹೊಸ್ತಿಲಮ್ಮ. "ಕೈ ದಿನಾ ಬೇರೆ."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ದಿನದ ದಿನಚರಿ ಚಿಕ್ಕದು. "ಬಾಗಿಲು ಕೂರಿಸಿದರು. ನಾನು ಒಪ್ಪಲಿಲ್ಲ. ಕಿಂಡಿಯ ಹತ್ತಿರ ನಿಲ್ಲುತ್ತೇನೆ. ಬಿಟ್ಟುಹೋಗುವುದಿಲ್ಲ."

ಬಾಗಿಲು ಕೂರಿಸಿದ ವಾರವೇ ಗಂಟೆ ಬಾರಿಸುವವನ ಹೆಂಡತಿ ತೀರಿಕೊಂಡಳು. ಅವನನ್ನು ಊರೆಲ್ಲ ಗಂಟೆಯಣ್ಣ ಅನ್ನುತ್ತಿತ್ತು. ಹಗ್ಗ ಹಿಡಿದು ಅವನಷ್ಟು ನಾಜೂಕಾಗಿ ಎಳೆಯುವವರು ಇನ್ನೊಬ್ಬರಿರಲಿಲ್ಲ. ತೀರಿಕೊಂಡವರ ಹೆಸರನ್ನು ಮುಂದಿನ ಭಾನುವಾರ ಅಯ್ಯನವರು ಗಟ್ಟಿಯಾಗಿ ಹೇಳುವುದು, ಸಭೆಯೆಲ್ಲ ಅದನ್ನು ಒಂದು ಸಲ ತಿರುಗಿ ಹೇಳುವುದು ಆ ಮನೆಯ ವಾಡಿಕೆ. ಆ ಭಾನುವಾರ ಎಲ್ಲರ ಕಣ್ಣೂ ಹೊಸ ಬಾಗಿಲ ಮೇಲಿತ್ತು. ತೇಗ ಎಲ್ಲಿಯದು, ಬೀಗದ ತೂಕ ಎಷ್ಟು ಎಂಬ ಮಾತಿನಲ್ಲಿ ಅಯ್ಯನವರು ಹೆಸರು ಹೇಳಲು ಮರೆತರು. ಗಂಟೆಯಣ್ಣ ಕೈಯಲ್ಲೊಂದು ಕಲ್ಲು ಹಿಡಿದು ಹಗ್ಗದ ಪಕ್ಕ ನಿಂತಿದ್ದ. ಆರಾಧನೆ ಮುಗಿಯಿತು, ಜನ ಎದ್ದು ಹೋದರು, ಅವನು ನಿಂತೇ ಇದ್ದ.

ಮುಂದಿನ ಭಾನುವಾರ ಅವನು ಪಕ್ಕದ ಬಾಗಿಲಿನಿಂದ ಬಂದ. ಅದರ ಮುಂದಿನ ಭಾನುವಾರವೂ ಬಂದ. ಯಾರೂ ಅವನ ಕೈ ಹಿಡಿಯಲಿಲ್ಲ. ಕಲ್ಲು ಒಳಗೊಳಗೇ ಬಿಸಿಯಾಯಿತು. ಅವನು ಉದ್ದ ತೋಳಿನ ಅಂಗಿ ಹಾಕಿಕೊಳ್ಳತೊಡಗಿದ.

ಮನೆಯೊಳಗೂ ಬದಲಾಯಿತು. ಪಕ್ಕದ ಬಾಗಿಲಿನಿಂದ ಬಂದವರು ಹೊತ್ತದ್ದನ್ನು ಹೊತ್ತುಕೊಂಡೇ ಕೂರುತ್ತಿದ್ದರು. ಮಡಿಲಲ್ಲಿ ಕಲ್ಲು, ಮಂಡಿಯ ಪಕ್ಕ ಮುಳ್ಳು. ಚಾಪೆಯಲ್ಲಿ ಮುಳ್ಳು ಸಿಕ್ಕಿ ಹೆಂಗಸರು ಒಬ್ಬರಿಂದೊಬ್ಬರು ಸರಿದು ಕೂತರು. ಗುಬ್ಬಿಗಳು ತಪ್ಪಿಸಿಕೊಂಡು ಮಾಡಿನ ತೊಲೆಯ ಮೇಲೆ ಕೂತವು. ಕೀರ್ತನೆ ಹಾಡಲು ಎದ್ದರೆ ಕೈ ತಟ್ಟಲು ಯಾರ ಕೈಯೂ ಬಿಡುವಿರಲಿಲ್ಲ. ಮೈದುನ ಮಾತ್ರ ನೆಮ್ಮದಿಯಾಗಿದ್ದ. "ನೋಡಿ ಅತ್ತಿಗೆ, ಎಷ್ಟು ಶಾಂತವಾಗಿದೆ" ಅನ್ನುತ್ತಿದ್ದ.

"ಶಾಂತವಲ್ಲ ಕಣಪ್ಪ, ಭಾರ" ಎಂದಳು ಆಕೆ.

ಕಿಂಡಿಯ ಹತ್ತಿರ ಆಕೆ ನಿಂತೇ ಇದ್ದಳು. ಹೊರಗಿನಿಂದ ಬರುವವರು ಬಾಗಿಲು ನೋಡಿ ದೂರದಿಂದಲೇ ತಿರುಗಿ ಹೋಗುತ್ತಿದ್ದರು. ಹಿಡಿಯಲು ಕೈಗಳಿಲ್ಲದೆ ಅವಳ ಕೈಗಳು ತಣ್ಣಗಾದವು. ಆದರೂ ಆಕೆ ಬೆನ್ನು ಬಾಗಿಸಲಿಲ್ಲ. ಒಂದು ದಿನ ಯಾರಾದರೂ ಬಾಗಿಲು ತಟ್ಟಿಯೇ ತಟ್ಟುತ್ತಾರೆ, ಆ ದಿನ ತಾನು ಅಲ್ಲಿರಬೇಕು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಒಂದು ಭಾನುವಾರ, ಬಿಸಿಲು ಏರುವ ಹೊತ್ತಿಗೆ, ಜನ ಪ್ರಾರ್ಥನೆಗೆ ಕಣ್ಣು ಮುಚ್ಚಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಕಿಂಡಿಯಾಚೆ ಒಬ್ಬ ಎತ್ತರದ ಮನುಷ್ಯ. ತಲೆಯಿಂದ ಮೊಣಕಾಲಿನವರೆಗೆ ಕಂಬಳಿ. ಎರಡೂ ಕೈ ಕಂಬಳಿಯೊಳಗೆ.

ಅದೇ ಹೊತ್ತಿಗೆ ಮನೆಯೊಳಗೆ ಹೊಗೆಯ ವಾಸನೆ ಬಂತು.

"ಹೊಗೆ!" ಎಂದು ಯಾರೋ ಕೂಗಿದರು. ಮೈದುನ ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ನಾನು ಹೇಳಿರಲಿಲ್ವಾ? ಬಂದೇ ಬಂತು! ಯಾರೂ ಬಾಗಿಲು ತೆಗೀಬೇಡಿ!"

ಹೊಸ್ತಿಲಮ್ಮ ಕಿಂಡಿಯಿಂದ ಕೇಳಿದಳು. "ಎಲ್ಲಿಯವರಪ್ಪ ನೀವು? ಕೈ ತೋರಿಸಿ."

ಆ ಮನುಷ್ಯ ಮೊಣಕೈಯಿಂದ ಕಂಬಳಿ ಸರಿಸಿ ಎರಡೂ ಕೈಗಳ ಬೊಗಸೆ ಮುಂದೆ ಹಿಡಿದ. ಬೊಗಸೆ ತುಂಬ ಬೂದಿ. ನುಣುಪಾಗಿ, ಬೆಳ್ಳಗೆ, ಒಂದು ಕಿಡಿಯೂ ಇಲ್ಲದ ಬೂದಿ.

"ಕೆಳಹೊಳೆಯವನಮ್ಮ" ಎಂದ.

ಆಕೆ ಮೈದುನನ ಕಡೆ ತಿರುಗಿದಳು. "ಇದು ತಣ್ಣಗಿನ ಬೂದಿ. ಇದಕ್ಕೆ ಹೊಗೆ ಇರಲ್ಲ. ಹೊಗೆ ನಮ್ಮದು."

ಆ ಮಾತಿಗೆ ಪ್ರತಿಯೊಬ್ಬರೂ ಪಕ್ಕದವರ ಕೈ ನೋಡಿದರು, ನೋಡಿ ದೂರ ಸರಿದರು. ಹೊಸ್ತಿಲಮ್ಮ ಯಾರನ್ನೂ ನೋಡಲಿಲ್ಲ. ಕಿಂಡಿ ಬಿಟ್ಟು ಚಾಪೆಗಳ ನಡುವೆ ನಡೆದಳು, ವಾಸನೆ ಕರೆದ ಕಡೆಗೆ ನಡೆದಳು. ಗಂಟೆಯ ಹಗ್ಗದ ತುದಿ ಕೆಂಪಗೆ ಹೊಗೆಯಾಡುತ್ತಿತ್ತು. ಕಿಡಿಯ ಒಂದು ಗೆರೆ ಹಗ್ಗ ಹಿಡಿದು ಹುಲ್ಲಿನ ಮಾಡಿನ ಕಡೆಗೆ ನಿಧಾನವಾಗಿ ಏರುತ್ತಿತ್ತು. ಹಗ್ಗದ ಕೆಳಗೆ ಗಂಟೆಯಣ್ಣ.

"ಯಾರಾದರೂ ನೀರು ಹಾಕಿ" ಎಂದಳು ಆಕೆ, ಕೂಗದೆ. ಒಬ್ಬ ಮುದುಕಿ ಎದ್ದು ಹೂದಾನಿಯ ಹೂ ಕಿತ್ತೆಸೆದು ನೀರನ್ನು ಹಗ್ಗಕ್ಕೆ ಎರಚಿದಳು. ಹಗ್ಗ ಸುಯ್ ಎಂದು ಆರಿತು. ಆದರೆ ಕೆಂಡ ಇನ್ನೂ ಅವನ ಕೈಯಲ್ಲೇ ಇತ್ತು. ಕಾಲ ಕೆಳಗೆ ಚಾಪೆ, ಪಕ್ಕದಲ್ಲಿ ಮರದ ಗೋಡೆ. ಪಕ್ಕದ ಬಾಗಿಲಲ್ಲಿ ನೂಕುನುಗ್ಗಲು. ಕಲ್ಲು ಮುಳ್ಳು ಹಿಡಿದವರು ಒಬ್ಬರಿಗೊಬ್ಬರು ಸಿಕ್ಕಿಕೊಂಡು ಯಾರೂ ಹೊರಗೆ ಹೋಗಲಾಗುತ್ತಿರಲಿಲ್ಲ.

"ಗಂಟೆಯಣ್ಣ, ಕೈ ಕೊಡಿ."

"ಈಗ ಯಾಕೆ ತಾಯಿ? ಇಷ್ಟು ದಿನ ಯಾರಿಗೂ ಬೇಡವಾಗಿತ್ತು."

"ನನಗೆ ಬೇಕು. ಎರಡೂ."

"ಎಲ್ಲಿ ಇಳಿಸಲಿ? ಕೆಳಗೆ ಬಿಟ್ಟರೆ ಚಾಪೆ ಹತ್ತಿಕೊಳ್ಳುತ್ತೆ." ಅವನು ಕಾಲ ಕೆಳಗೆ ನೋಡಿದ. "ಹತ್ತಿಕೊಳ್ಳಲಿ ಅಂತಲೇ ಬಂದಿದ್ದೆ. ನಿಂತ ಮೇಲೆ ಕೈ ಬಿಡೋಕಾಗ್ತಿಲ್ಲ."

"ಕೆಳಗೆ ಬಿಡಬೇಡಿ. ನನ್ನ ಕೈಗೆ ಬಿಡಿ."

"ನಿಮ್ಮನ್ನ ಸುಡುತ್ತೆ ತಾಯಿ. ನನ್ನ ಸುಡಲ್ಲ, ನಿಮ್ಮನ್ನ ಸುಡುತ್ತೆ."

"ಸುಡಲಿ. ಹೊಸ್ತಿಲ ಕೆಲಸ ಅಂದರೆ ಮತ್ತೇನು ಅಂದುಕೊಂಡಿರಿ?"

ಆಕೆ ಅವನ ಎರಡೂ ಕೈಗಳನ್ನು ಕೆಂಡದ ಸಮೇತ ತನ್ನ ಕೈಗಳಲ್ಲಿ ಹಿಡಿದಳು. ಹಿಡಿದದ್ದನ್ನು ಬಿಡಲಿಲ್ಲ. ಮುಖಕ್ಕೆ ಮುಖ ಕೊಟ್ಟುಕೊಂಡು, ಅವನು ಹಿಂದಕ್ಕೆ ಹೆಜ್ಜೆ ಇಡುತ್ತ, ಆಕೆ ಮುಂದಕ್ಕೆ ಹೆಜ್ಜೆ ಇಡುತ್ತ, ಇಬ್ಬರೂ ದೊಡ್ಡ ಬಾಗಿಲಿನವರೆಗೆ ಬಂದರು. ಜಗಲಿ ಇದ್ದದ್ದು ಆ ಬಾಗಿಲಿನಾಚೆ.

"ಬೀಗ ತೆಗಿ" ಎಂದಳು ಮೈದುನನಿಗೆ.

ಅವನು ತಿರುಗಿ ಕೀಲಿಕೈಯನ್ನು ಬೀಗಕ್ಕೆ ಹಾಕಿದ. ಕೈ ನಡುಗಿ ಅದು ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಭಯ ಹೆಚ್ಚಿದ ಹಾಗೆಲ್ಲ ಕೀಲಿಕೈ ಅವನ ಕೈಯಲ್ಲಿ ಉದ್ದವಾಗುತ್ತಿತ್ತು, ಹಲ್ಲು ಹೆಚ್ಚುತ್ತಿತ್ತು, ಅದಕ್ಕೆಂದೇ ಮಾಡಿದ ಬೀಗಕ್ಕೇ ಅದು ಹೊಂದುತ್ತಿರಲಿಲ್ಲ.

"ಅತ್ತಿಗೆ, ಆಗ್ತಿಲ್ಲ, ಅತ್ತಿಗೆ..."

"ಆಗುತ್ತೆ. ನಾನು ನಿಂತಿದ್ದೇನೆ. ನಿಧಾನಕ್ಕೆ ತೆಗಿ."

ಅವಳ ಬೆರಳುಗಳ ನಡುವಿನಿಂದ ಹೊಗೆ ಬಂತು. ಗಂಟೆಯಣ್ಣ ಅಳತೊಡಗಿದ.

"ನಿಮ್ಮ ಮನೆಯವರ ಹೆಸರು ಹೇಳಿ" ಎಂದಳು ಆಕೆ. "ಗಟ್ಟಿಯಾಗಿ."

"ಸುವಾರ್ತಮ್ಮ" ಎಂದ ಅವನು.

ಅಯ್ಯನವರು ಮುಂದೆ ಬಂದು, ತಲೆ ತಗ್ಗಿಸಿ, "ಸುವಾರ್ತಮ್ಮ" ಎಂದರು. ಹೂದಾನಿಯ ಮುದುಕಿ "ಸುವಾರ್ತಮ್ಮ" ಎಂದಳು. ಪಕ್ಕದ ಬಾಗಿಲಲ್ಲಿ ಸಿಕ್ಕಿಕೊಂಡಿದ್ದವರು ನೂಕುವುದನ್ನು ನಿಲ್ಲಿಸಿ ತಿರುಗಿದರು. ಸಾಲಿನಿಂದ ಸಾಲಿಗೆ ಆ ಹೆಸರು ಹೋಯಿತು, ಗೋಡೆಯವರೆಗೆ ಹೋಗಿ ತಿರುಗಿ ಬಂತು. ಹೊಸ್ತಿಲಮ್ಮನ ಕೈಗಳಲ್ಲಿ ಕೆಂಡ ಕೆಂಪಿನಿಂದ ಕಪ್ಪಾಯಿತು, ಕಪ್ಪಿನಿಂದ ಬೂದು ಬಣ್ಣಕ್ಕೆ ತಿರುಗಿತು. ಅಷ್ಟರೊಳಗೆ ಅದು ಮಾಡುವಷ್ಟನ್ನು ಮಾಡಿ ಮುಗಿಸಿತ್ತು.

ಹೆಸರು ಹೇಳುತ್ತ ಹೇಳುತ್ತ ಮೈದುನನ ಕೈಯ ನಡುಕ ನಿಂತಿತು. ಕೀಲಿಕೈ ಮೊದಲಿನ ಅಳತೆಗೆ ಬಂತು. ಬೀಗ ತೆರೆಯಿತು.

ಜಗಲಿಯ ಮೇಲೆ ಬೂದಿ ಹಿಡಿದ ಮನುಷ್ಯ ಇನ್ನೂ ನಿಂತಿದ್ದ. ಹೊಸ್ತಿಲಮ್ಮ ಮತ್ತು ಗಂಟೆಯಣ್ಣ ಒಟ್ಟಿಗೆ ಬಾಗಿ ಕೈಯಲ್ಲಿದ್ದದ್ದನ್ನು ಇಳಿಸಿದರು. ಅದು ಕಲ್ಲೇ ಆಗಿತ್ತು. ಮೊದಲಿನ ಹಾಗೆ, ತಣ್ಣಗಿನ ಕಲ್ಲು.

ಆಕೆ ನೆಟ್ಟಗೆ ನಿಂತು ಹೊರಗಿನವನ ಕಡೆ ಕೈ ಚಾಚಲು ಹೋದಳು. ಬೆರಳುಗಳು ಬಿಡಿಸಿಕೊಳ್ಳಲಿಲ್ಲ.

"ಬಾ ಇಲ್ಲಿ" ಎಂದಳು ಮೈದುನನಿಗೆ. "ನನ್ನ ಜಾಗದಲ್ಲಿ ನಿಲ್ಲು."

"ನಾನಾ?"

"ಮತ್ತೆ ನಿನ್ನ ಅಣ್ಣ ಎದ್ದು ಬರ್ತಾನಾ? ಬಾ. ಅವರ ಕೈ ಹಿಡಿ. ಎರಡೂ."

ಅವನು ಹೊಸ್ತಿಲ ಮೇಲೆ ಬಂದು ನಿಂತ. ಒಂದು ಕೈ ಚಾಚಿದ. ಇನ್ನೊಂದರಲ್ಲಿ ಕೀಲಿಕೈ ಇತ್ತು.

ಹೊರಗಿನವನು ಅದನ್ನೇ ನೋಡುತ್ತಿದ್ದ. "ನಮ್ಮಲ್ಲೂ ಇಂಥದೇ ಒಂದಿತ್ತಣ್ಣ" ಎಂದ. "ಬಾಗಿಲೂ ಗಟ್ಟಿಯಾಗಿತ್ತು, ಇದಕ್ಕಿಂತ ಗಟ್ಟಿ. ಬೆಂಕಿ ಒಳಗಿನದು. ತೆಗೆಯೋರಿಗೆ ಸಮಯಕ್ಕೆ ತೆಗೆಯೋಕಾಗಲಿಲ್ಲ." ಆಮೇಲೆ ಮೆಲ್ಲಗೆ ಹೇಳಿದ. "ತೆಗೆಯಬೇಕಾಗಿದ್ದವನು ನನ್ನ ತಮ್ಮ."

ಮೈದುನ ಅವನ ಬೊಗಸೆಯ ಬೂದಿಯನ್ನು ನೋಡಿದ. ಆಮೇಲೆ ಬಾಗಿ ಕೀಲಿಕೈಯನ್ನು ಜಗಲಿಯ ಮೇಲೆ ಇಟ್ಟ. ಹೊರಗಿನವನೂ ಬಾಗಿ ಬೂದಿಯನ್ನು ಅದರ ಪಕ್ಕ ಇಳಿಸಿದ, ಒಂದು ಚೂರೂ ಚೆಲ್ಲದ ಹಾಗೆ.

"ಬನ್ನಿ" ಎಂದ ಮೈದುನ. ಖಾಲಿ ಕೈಗಳೆರಡನ್ನೂ ಚಾಚಿದ. "ಕೈ ಕೊಡಿ. ಎರಡೂ."

ಒಂದು ಉಸಿರಿನಷ್ಟು ಹೊತ್ತು ಹಿಡಿದ. ಹೊಸ್ತಿಲಮ್ಮ ಹಿಂದಿನಿಂದ ಕಾದಳು.

"ಮುಂದಿನ ಮಾತು ಮರೆತೆಯೇನೋ?"

"ಒಳಗೆ ಜಾಗವಿದೆ" ಎಂದ ಅವನು.

ಆಮೇಲೆ ಮನೆಯೊಳಗಿದ್ದವರೆಲ್ಲ ಒಬ್ಬೊಬ್ಬರಾಗಿ ಜಗಲಿಗೆ ಬಂದು, ಕಲ್ಲು, ಮುಳ್ಳು ಇಳಿಸಿ, ತಿರುಗಿ ಒಳಗೆ ಹೋದರು. ಅವನು ಪ್ರತಿಯೊಬ್ಬರ ಕೈಯನ್ನೂ ಹಿಡಿದ. ಸಣ್ಣಂದಿನಿಂದ ನೋಡಿದ ಮುಖಗಳು. ಪ್ರತಿ ಕೈ ಹಿಡಿದಾಗಲೂ ಮೊದಲ ಸಲ ಹಿಡಿದವನಂತೆ ಬೆಚ್ಚುತ್ತಿದ್ದ.

ಆ ವಾರದ ಪುಟದಿಂದ ದಿನಚರಿಯ ಅಕ್ಷರ ಬೇರೆ, ಸೊಸೆಯದು. ಆಕೆ ಹೇಳುತ್ತಿದ್ದಳು, ಸೊಸೆ ಬರೆಯುತ್ತಿದ್ದಳು. ಆ ಭಾನುವಾರಕ್ಕೆ ಯಾರು ಏನು ತೆತ್ತರೋ ಅದೆಲ್ಲ ಅಲ್ಲಿದೆ.

ತೇಗದ ಬಾಗಿಲು ಇಳಿಸಿದರು. ಈಗ ಅದು ಜಗಲಿಯ ಮೇಲೆ ಮುದುಕರು ಕೂರುವ ಹಲಗೆ. ಪಕ್ಕದ ಬಾಗಿಲಿನ ಗೋಡೆ ಮತ್ತೆ ಕಟ್ಟಿದರು. ಕಟ್ಟಿದ ಗುರುತು ಹೋಗಿಲ್ಲ, ಹೋಗುವುದೂ ಇಲ್ಲ. ಬಾಗಿಲು ಬೇಕೇ ಬೇಕು ಎಂದ ಕೆಲವು ಮನೆಯವರು ಮೇಲ್ಹೊಳೆಯ ಚರ್ಚಿಗೆ ಹೋದರು. ಅವರಲ್ಲಿ ಹೊಸ್ತಿಲಮ್ಮನ ಕಾಲೇಜಿನ ಗೆಳತಿಯೂ ಒಬ್ಬಳು, ಸಿಕ್ಕಾಗ ಈಗಲೂ ಮಾತಾಡುವುದಿಲ್ಲ. ಹೊಸ ಹಗ್ಗ ಹೊಸೆಯುವವರೆಗೆ ಗಂಟೆ ಬಾರಿಸಲಿಲ್ಲ. ಬೂದಿ ತಂದವನು ಗಂಟೆಯಣ್ಣನ ಮನೆಯಲ್ಲೇ ಉಳಿದ.

ಹೊಸ್ತಿಲಮ್ಮನ ಎರಡು ಅಂಗೈ. ಗಾಯ ಮಾಯಿತು, ಚರ್ಮ ದಪ್ಪವಾಗಿ ಕೂಡಿಕೊಂಡಿತು, ಮುಟ್ಟಿದ್ದು ತಿಳಿಯುವುದಿಲ್ಲ. ಪೆನ್ನು ಹಿಡಿಯಲಾಗುವುದಿಲ್ಲ. ಯಾರ ಕೈಯಲ್ಲಿ ಕಾವಿದೆ, ಯಾರದು ತಣ್ಣಗಿದೆ ಎಂದು ಇನ್ನು ಹೇಳಲಾಗುವುದಿಲ್ಲ. ಆದ್ದರಿಂದ ಹೊಸ್ತಿಲು ಬಿಟ್ಟುಕೊಟ್ಟಳು. ಈಗ ಅಲ್ಲಿ ಊರವರು ಸರದಿಯ ಮೇಲೆ ನಿಲ್ಲುತ್ತಾರೆ, ಇಬ್ಬಿಬ್ಬರು.

"ಇನ್ನೇನಾದರೂ ಬರೀಬೇಕಾ ಅತ್ತೆ?" ಎಂದು ಕೇಳಿದ್ದಳಂತೆ ಸೊಸೆ.

"ಅಷ್ಟೇ. ತಾರೀಖು ಹಾಕು."

ಭಾನುವಾರ ಆಕೆ ಎಲ್ಲರ ಜೊತೆ ಸಾಲಿನಲ್ಲಿ ಬಂದು, ಎಲ್ಲರೂ ನೋಡುವಂತೆ ಕೈಗನ್ನಡಿಯನ್ನು ಜಗಲಿಯ ಮೇಲೆ ಇಳಿಸಿ, ಎರಡೂ ಕೈ ಮುಂದೆ ಚಾಚುತ್ತಾಳೆ. ಹಿಡಿದದ್ದು ಅವಳಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಹಿಡಿದವರ ಮುಖವನ್ನೇ ನೋಡುತ್ತ ನಿಲ್ಲುತ್ತಾಳೆ, ಒಳಗೆ ಜಾಗವಿದೆ ಎಂದು ಅವರು ಹೇಳುವವರೆಗೆ.